ಬ್ಲೂ ಟಿಕ್ಕಿಗೆ ಇನ್‌ವರ್ಡ್ ನಂಬರ್ ಇಲ್ಲ

ಕಿರಿಯ ವೈದ್ಯರ ಸಂಘಕ್ಕೆ ಬರುವ ಹೆಚ್ಚಿನ ದೂರುಗಳಿಗೆ ಕಾಗದವೇ ಇರುವುದಿಲ್ಲ. ರಾತ್ರಿ ಒಂದೂವರೆಗೆ ಕಳಿಸಿದ ನಾಲ್ಕು ವಾಯ್ಸ್ ಮೆಸೇಜು, ರೋಸ್ಟರಿನ ಮಸುಕು ಫೋಟೊ, ಕೊನೆಗೆ ‘ಏನಾದರೂ ಮಾಡಿ ಸರ್’. ಯಾವ ದಿನ ಎಂದು ಕೇಳಿದರೆ ‘ಯಾವಾಗಲೂ ಹೀಗೇ’. ಬರೆದು ಕೊಟ್ಟಿದ್ದೀರಾ ಎಂದರೆ ‘ಗ್ರೂಪಿನಲ್ಲಿ ಹಾಕಿದ್ದೆವಲ್ಲ, ಎಚ್‌ಒಡಿ (ವಿಭಾಗದ ಮುಖ್ಯಸ್ಥ) ಸರ್ ನೋಡಿದ್ದಾರೆ, ಬ್ಲೂ ಟಿಕ್ ಬಂದಿದೆ’. ಬ್ಲೂ ಟಿಕ್ಕಿಗೆ ಇನ್‌ವರ್ಡ್ ನಂಬರ್ ಇಲ್ಲ ಮಾರಾಯ್ರೆ. ಬಂದ ಕಾಗದವನ್ನು ದಾಖಲಿಸಿ ಕಚೇರಿ ಹಾಕುವ ನಂಬರು ಅದು. ನಾಳೆ ‘ನಮ್ಮ ಗಮನಕ್ಕೆ ಬಂದೇ ಇಲ್ಲ’ ಎಂದು ಕಾಲೇಜು ಹೇಳಿದರೆ ಸಂಘದ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ರೋಗಿಯ ವಿಷಯದಲ್ಲಿ ಇದೇ ಮಂದಿ ‘ಬರೆಯದಿದ್ದರೆ ಮಾಡಿದಂತಲ್ಲ’ ಎಂದು ಇಂಟರ್ನ್‌ಗಳಿಗೆ ಗದರಿಸುತ್ತಾರೆ. ತಮ್ಮ ವಿಷಯಕ್ಕೆ ಬಂದಾಗ ಪೆನ್ನು ಮೇಲೇಳುವುದಿಲ್ಲ. ಕಾರಣ ಸೋಮಾರಿತನವಲ್ಲ, ಥೀಸಿಸ್ಸಿಗೆ ಗೈಡ್ ಹಾಕಬೇಕಾದ ಸಹಿ. ಆ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. ಸಂಘ ಇರುವುದೇ ಅದಕ್ಕಾಗಿ: ಪತ್ರ ಸಂಘದ ಲೆಟರ್‌ಹೆಡ್ಡಿನಲ್ಲಿ ಹೋಗುತ್ತದೆ, ಕೆಳಗೆ ಅಧ್ಯಕ್ಷ, ಕಾರ್ಯದರ್ಶಿಯ ಸಹಿ ಇರುತ್ತದೆ, ದೂರು ಕೊಟ್ಟವರ ಹೆಸರು ಸಂಘದ ಫೈಲಿನಲ್ಲೇ ಉಳಿಯುತ್ತದೆ. ಆದರೆ ಒಬ್ಬರೇ ಕೊಟ್ಟ ವಿವರವಾದರೆ ಯಾರದ್ದೆಂದು ಯೂನಿಟ್ಟಿನಲ್ಲಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದಲೇ ಇಡೀ ಬ್ಯಾಚು ಬರೆಯಬೇಕು ಎಂದು ನಾವು ಹಟ ಹಿಡಿಯುವುದು.

ಹೆಚ್ಚು ಕೆಡುವುದು ಡ್ಯೂಟಿ ಗಂಟೆಗಳ ವಿಷಯದಲ್ಲಿ. ‘48 ಗಂಟೆ ರೂಲ್ ಇದೆ’ ಎಂದು ನೇರ ಎಚ್‌ಒಡಿ ಕೋಣೆಗೆ ಹೋಗಿ ಬೈಸಿಕೊಂಡು ಬರುವವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ದಿನಕ್ಕೆ 12, ವಾರಕ್ಕೆ 48 ಗಂಟೆ ಎಂದದ್ದು ನಿಜ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಎಂದದ್ದೂ ನಿಜ: 24 ಗಂಟೆಯ ಒಂದು ಡ್ಯೂಟಿ, 10 ಗಂಟೆಯ ಐದು ದಿನ, ಒಂದು ರಜೆ. ಆದರೆ ಅದು ಶಿಫಾರಸು. ಈಗ ಕಾಲೇಜನ್ನು ನೇರವಾಗಿ ಕಟ್ಟಿಹಾಕುವುದು ಅದೇ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ. ಅದರಲ್ಲಿ ಗಂಟೆಯ ಲೆಕ್ಕವೇ ಇಲ್ಲ, ‘ಸಮಂಜಸ’ ಎಂದಷ್ಟೇ ಇದೆ. ಆದರೆ ಅದೇ ನಿಯಮಾವಳಿಯಲ್ಲಿ ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ, 5 ದಿನ ಶೈಕ್ಷಣಿಕ ರಜೆ, ಕೆಲಸದ ತುರ್ತು ನೋಡಿಕೊಂಡು ವಾರಕ್ಕೊಂದು ರಜೆ ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಮೊದಲ ಪತ್ರದಲ್ಲಿ ವಾರದ ರಜೆ ಕೇಳಿ. ನಿಯಮ ಕೈಯಲ್ಲಿದೆ, ವಾದ ಗಟ್ಟಿ. 74 ಗಂಟೆಯನ್ನು ಎರಡನೇ ಪ್ಯಾರಾದಲ್ಲಿ, ಆಯೋಗದ ಕಾರ್ಯಪಡೆಯ ಶಿಫಾರಸೆಂದೇ ಹೆಸರಿಸಿ ಇಡಿ.

ಅದಕ್ಕೆ ಮುಂಚೆ ಲೆಕ್ಕ ಬೇಕು. ‘ಮೂವತ್ತಾರು ಗಂಟೆ ನಿಲ್ಲಿಸುತ್ತಾರೆ’ ಎಂದರೆ ಅದು ಗೋಳು. ‘12ರಂದು ಬೆಳಿಗ್ಗೆ 7.40ಕ್ಕೆ ವಾರ್ಡಿಗೆ, 13ರಂದು ಸಂಜೆ 5.15ಕ್ಕೆ ಹೊರಗೆ, ಒಟ್ಟು 33 ಗಂಟೆ 35 ನಿಮಿಷ, ರೋಸ್ಟರಿನಲ್ಲಿ 24’ ಎಂದರೆ ಅದು ದೂರು. ಯೂನಿಟ್ಟಿನ ಎಲ್ಲ ಪಿಜಿಗಳೂ (ಸ್ನಾತಕೋತ್ತರ ವಿದ್ಯಾರ್ಥಿ ವೈದ್ಯರು) ಸತತ ನಾಲ್ಕು ವಾರ ಹೀಗೆ ಬರೆದಿಡಬೇಕು. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಪೋಸ್ಟ್-ಡ್ಯೂಟಿಯ ದಿನ, ಅಂದರೆ ಡ್ಯೂಟಿ ಮುಗಿದ ಮರುದಿನ, ಒಪಿಡಿಗೆ ಕೂರಿಸಿದರೇ, ವಾರದ ರಜೆ ಸಿಕ್ಕಿತೇ: ಇಷ್ಟೇ ಕಾಲಮ್ಮು. ಅಂದಂದಿನದು ಅಂದಂದೇ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಒಂದೇ ರಾತ್ರಿ ತುಂಬಿಸಿದ ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಒಂದು ತಪ್ಪು ತಾರೀಕು ಸಿಕ್ಕರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ಮಳೆಗಾಲದಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರದಿಂದ ಮೆಡಿಸಿನ್ ವಾರ್ಡು ತುಂಬುವ ಊರು ನಮ್ಮದು. ಜುಲೈ ಲೆಕ್ಕ ಮಾತ್ರ ಕೊಟ್ಟರೆ ‘ಅದು ಸೀಸನ್’ ಎಂದು ತಳ್ಳಿಹಾಕುತ್ತಾರೆ. ಡಿಸೆಂಬರಿನದ್ದೂ ಇರಲಿ.

ಪುರಾವೆಗೆಂದು ಕೇಸ್ ಶೀಟಿನ ಫೋಟೊ ತೆಗೆಯಬೇಡಿ. ರೋಗಿಯ ಹೆಸರು, ಆಸ್ಪತ್ರೆ ನಂಬರು ನಿಮ್ಮ ಮೊಬೈಲಿನಿಂದ ಹೊರಗೆ ಹೋದರೆ ದೂರು ತಿರುಗಿ ನಿಮ್ಮ ಮೇಲೆಯೇ ಬರುತ್ತದೆ. ‘ಇಂಥ ದಿನದ ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್ ಪರಿಶೀಲಿಸಬಹುದು’ ಎಂದು ಬರೆದರೆ ಸಾಕು.

ಇನ್ನು ಪತ್ರ. ಒಂದು ಪತ್ರಕ್ಕೆ ಒಂದೇ ವಿಷಯ. ಸ್ಟೈಪೆಂಡ್, ಹಾಸ್ಟೆಲಿನ ನೀರು, ಸೀನಿಯರ್ ಬೈಗುಳ ಮೂರನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ನೀರಿನ ಟ್ಯಾಂಕು ತೊಳೆಸಿ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಫೈಲು ಮುಚ್ಚುತ್ತಾರೆ. ರಜೆ, ಡ್ಯೂಟಿ, ಸ್ಟೈಪೆಂಡ್ ಡೀನ್‌ಗೆ. ಸೆಕ್ಯುರಿಟಿ, ಡ್ಯೂಟಿ ರೂಮು ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಗೊಂದಲ ಸಹಜ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಜಿಲ್ಲಾ ಆಸ್ಪತ್ರೆ, ಅಲ್ಲಿ ಕಲಿಯುವ ಪಿಜಿ ಖಾಸಗಿ ಕಾಲೇಜಿನವರು. ವಾರ್ಡಿನ ವ್ಯವಸ್ಥೆ ಆಸ್ಪತ್ರೆಯದ್ದು, ನಿಮ್ಮ ರಜೆ ಕಾಲೇಜಿನದ್ದು. ಪಿಜಿಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಾದ ಜಿಲ್ಲಾ ರೆಸಿಡೆನ್ಸಿಯ ಮೂರು ತಿಂಗಳಲ್ಲೂ ಹಾಗೆಯೇ: ಕೆಲಸ ಜಿಲ್ಲೆಯಲ್ಲಾದರೂ ಸ್ಟೈಪೆಂಡ್ ಕೊಡಬೇಕಾದದ್ದು ಮೂಲ ಕಾಲೇಜು. ಮೇಲ್ಮನವಿಯ ದಾರಿಯೂ ಎಲ್ಲರಿಗೂ ಒಂದೇ ಅಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಅದರ ಕುಲಸಚಿವರಿಗೆ, ಡೀಮ್ಡ್ ವಿಶ್ವವಿದ್ಯಾಲಯವಾದರೆ ಅಲ್ಲಿನ ಕುಲಸಚಿವರಿಗೆ, ಆಮೇಲೆ ಆಯೋಗಕ್ಕೆ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ಆಮೇಲೆ ಹಾಕುತ್ತೇವೆ’ ಎಂದರೆ ಕಾಯಿರಿ. ಸೀಲು ಕೊಡಲೊಪ್ಪದಿದ್ದರೆ ಅದೇ ದಿನ ಕಾಲೇಜಿನ ಅಧಿಕೃತ ಇಮೇಲಿಗೆ ಪ್ರತಿ ಕಳಿಸಿ, ಮೂಲವನ್ನು ಸ್ಪೀಡ್ ಪೋಸ್ಟ್ ಮಾಡಿ. ಪತ್ರದ ಕೊನೆಗೆ ಏನು ಬೇಕು, ಯಾವ ದಿನದೊಳಗೆ ಎಂಬುದಿರಲಿ. ಹತ್ತು ದಿನ ಕಾದು, ಆ ಇನ್‌ವರ್ಡ್ ನಂಬರನ್ನೇ ಉಲ್ಲೇಖಿಸಿ ಜ್ಞಾಪನ ಕೊಡಿ. ಎರಡನೇ ಕಾಗದಕ್ಕೆ ಕಚೇರಿಗಳು ಮೊದಲನೆಯದಕ್ಕಿಂತ ಬೇಗ ಎಚ್ಚರಾಗುವುದನ್ನು ನೋಡಿದ್ದೇವೆ.

ಸ್ಟೈಪೆಂಡಿನ ಒಂದು ಬಗೆಯ ದೂರು ಮಾತ್ರ ಪ್ರತ್ಯೇಕ. ಖಾತೆಗೆ ಪೂರ್ತಿ ಬರುತ್ತದೆ, ಆಮೇಲೆ ಒಂದಷ್ಟನ್ನು ನಗದಾಗಿ ಹಿಂದಿರುಗಿಸಲು ಬಾಯಿಮಾತಿನಲ್ಲಿ ಹೇಳುತ್ತಾರೆ. ನಗದು ಕೊಟ್ಟ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಕಾಲೇಜಿನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಯಾರೇ ಕೇಳಲಿ, ‘ಯಾವ ಬಾಬ್ತಿಗೆ ಎಂದು ಬರೆದು ಕೊಡಿ, ಖಾತೆಯಿಂದಲೇ ಕಟ್ಟುತ್ತೇನೆ’ ಎನ್ನಿ, ಅದೇ ದಿನ ಸಂಘಕ್ಕೆ ತಿಳಿಸಿ. ಮುಂದಿನ ಹೆಜ್ಜೆಗೆ ವಕೀಲರು ಬೇಕು, ಈ ಅಂಕಣ ಸಾಲದು.

ಹಲ್ಲೆಯಾದಾಗ ಕಾಗದಕ್ಕಿಂತ ಹೊತ್ತು ಮುಖ್ಯ. ಪೆಟ್ಟು ತಿಂದವರು ಮೊದಲು ಕ್ಯಾಶುವಾಲಿಟಿಯಲ್ಲಿ ತಮ್ಮನ್ನೇ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್) ಮಾಡಿಸಿಕೊಳ್ಳಬೇಕು. ಸಂಕೋಚಪಟ್ಟು ರೂಮಿಗೆ ಹೋಗಿ ಮಲಗಿದರೆ ಮರುದಿನ ವೂಂಡ್ ಸರ್ಟಿಫಿಕೇಟಿನಲ್ಲಿ (ಗಾಯದ ಪ್ರಮಾಣಪತ್ರ) ಬರೆಯಲು ಏನೂ ಉಳಿದಿರುವುದಿಲ್ಲ. ಠಾಣೆಗೆ ದೂರು ಸಂಸ್ಥೆಯ ಹೆಸರಿನಲ್ಲಿ ಹೋಗುವಂತೆ ಸಂಘ ಪಟ್ಟು ಹಿಡಿಯಬೇಕು. ಹಿಂಸೆಯ ಪ್ರತಿ ಘಟನೆಯ ಬಗ್ಗೆ 48 ಗಂಟೆಯೊಳಗೆ ಕ್ರಮದ ವರದಿ ಕಳಿಸಬೇಕೆಂದು ಆಯೋಗ 2024ರ ಆಗಸ್ಟ್‌ನಲ್ಲಿ ಕಾಲೇಜುಗಳಿಗೆ ತಿಳಿಸಿದೆ, ಅದನ್ನು ನೆನಪಿಸಿ. ಎಫ್‌ಐಆರ್‌ನಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ಕರ್ನಾಟಕದ 2009ರ ಕಾಯ್ದೆ ಸೇರಿದೆಯೇ ಎಂದು ಓದಿ ನೋಡಿ, ಬರೀ ಜಗಳದ ಸೆಕ್ಷನ್ ಹಾಕಿದ್ದರೆ ಅಲ್ಲೇ ಕೇಳಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ದಾಖಲಿಸಲೊಪ್ಪದಿದ್ದರೆ ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್‌ಗೆ, ಉಡುಪಿಯಲ್ಲಿ ಎಸ್‌ಪಿಗೆ ಲಿಖಿತವಾಗಿ ಕಳಿಸಿ. ಬಹಳಷ್ಟು ಜಗಳ ಹುಟ್ಟುವುದು ಹೊರರಾಜ್ಯದ ಪಿಜಿಗೆ ತುಳು, ಬ್ಯಾರಿ ಬಾರದೆ, ರೋಗಿಯ ಕಡೆಯವರಿಗೆ ಇಂಗ್ಲಿಷ್ ತಿಳಿಯದೆ. ರಾತ್ರಿ ಪಾಳಿಯಲ್ಲಿ ಭಾಷೆ ಬಲ್ಲ ಒಬ್ಬರನ್ನು ಕ್ಯಾಶುವಾಲಿಟಿಯಲ್ಲಿ ಇಡಿ ಎಂದು ಸಂಘ ಕೇಳಿದರೆ ಅದು ಸೆಕ್ಯುರಿಟಿಯ ಬೇಡಿಕೆಯೇ.

ಲೈಂಗಿಕ ಕಿರುಕುಳದ ದೂರಿಗೆ ಸಂಘ ಪಂಚಾಯ್ತಿ ಕೂರಬಾರದು. 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಹೋಗಬೇಕು, ಟ್ರೈನಿಗಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ಬರೆಯಲು ಜೊತೆ ಕೂರುವುದು, ಸಮಿತಿಯ ಬಾಗಿಲವರೆಗೆ ಜೊತೆ ಹೋಗುವುದು, ಅಷ್ಟೇ ನಮ್ಮ ಕೆಲಸ. ನಿದ್ದೆಯಿಲ್ಲದೆ ಕುಸಿದವರಿಗೆ 14416 ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಆ ನಂಬರು ಡ್ಯೂಟಿ ರೂಮಿನ ಗೋಡೆಯ ಮೇಲಿರಲಿ.

ಕೊನೆಗೆ ಪದಾಧಿಕಾರಿಗಳಿಗೆ. ಪಿಜಿ ಇರುವುದು ಮೂರು ವರ್ಷ, ಕಾರ್ಯದರ್ಶಿ ಒಂದು ವರ್ಷ. ಪರೀಕ್ಷೆ ಮುಗಿದ ವಾರ ಲ್ಯಾಪ್‌ಟಾಪಿನೊಂದಿಗೆ ಸಂಘದ ಫೈಲುಗಳೂ ಕಣ್ಣೂರಿಗೋ ಕಲಬುರಗಿಗೋ ಹೊರಟುಹೋಗುತ್ತವೆ, ಹೊಸಬರು ಮೊದಲ ಪತ್ರದಿಂದ ಶುರು ಮಾಡುತ್ತಾರೆ. ಇನ್‌ವರ್ಡ್ ಸೀಲಿರುವ ಪ್ರತಿಗಳು, ಡ್ಯೂಟಿ ಲೆಕ್ಕದ ಹಾಳೆಗಳು, ಸಂಘದ ಇಮೇಲಿನ ಪಾಸ್‌ವರ್ಡು, ಬ್ಯಾಂಕಿನಲ್ಲಿ ಬದಲಿಸಬೇಕಾದ ಸಹಿ, ಸೊಸೈಟಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ವಾರ್ಷಿಕ ಪಟ್ಟಿ ಮತ್ತು ಆಡಿಟ್ ಲೆಕ್ಕ: ಇವಿಷ್ಟನ್ನೂ ಸಹಿ ಹಾಕಿಸಿ ಒಪ್ಪಿಸಿ, ಪರೀಕ್ಷೆಗೆ ಮೊದಲೇ. ಆಮೇಲೆ ಫೋನು ಎತ್ತುವವರು ಕಡಿಮೆ.