‘ಅದೂ ಒಂದು ಕೆಲಸವಾ ಮೇಡಂ?’

ಜಯನಗರದ ನನ್ನ ಆಫೀಸಿಗೆ ಉದ್ಯೋಗದ ಬಗ್ಗೆ ಸಲಹೆ ಕೇಳಲು ಬರುವವರಲ್ಲಿ ಹೆಚ್ಚಿನವರು ಒಂದೇ ಮಾತಿನಿಂದ ಶುರು ಮಾಡುತ್ತಾರೆ: ‘ನನಗೆ ಏನು ಇಷ್ಟ ಅಂತಲೇ ಗೊತ್ತಾಗ್ತಿಲ್ಲ.’ ಆ ಪ್ರಶ್ನೆಯನ್ನು ಮೊದಲು ಪಕ್ಕಕ್ಕಿಡಿ ಅನ್ನುತ್ತೇನೆ. ಇಷ್ಟ ವರ್ಷಕ್ಕೊಂದು ಸಲ ಬದಲಾಗುತ್ತದೆ, ಪಕ್ಕದವರನ್ನು ನೋಡಿಯೂ ಹುಟ್ಟುತ್ತದೆ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಬೇರೆಯವರು ಕಷ್ಟ ಅನ್ನುವ ಯಾವ ಕೆಲಸ ನಿಮಗೆ ಹಗುರ?

2024ರ ಬೇಸಿಗೆ ಕಳೆದ ಮೇಲೆ ಒಬ್ಬರು ಬಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಒಂಬತ್ತು ವರ್ಷ ಸರ್ವರ್ ನೋಡಿಕೊಂಡಿದ್ದವರು, ಆಮೇಲೆ ಮ್ಯಾನೇಜರ್ ಆದರು. ಸಂಬಳ ಜಾಸ್ತಿ ಆಯಿತು. ಆದರೆ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. ‘ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟೋ ಹೊತ್ತಿಗೇ ಸುಸ್ತಾಗಿರುತ್ತೆ ಮೇಡಂ. ನಾನು ಸೋಮಾರಿ ಆಗಿಬಿಟ್ಟಿದ್ದೀನಿ’ ಅಂದರು.

‘ಈಚೆಗೆ ಯಾವ ಕೆಲಸ ಮಾಡುವಾಗ ಊಟ ಮರೆತಿದ್ರಿ?’ ಅಂತ ಕೇಳಿದೆ. ತುಂಬಾ ಹೊತ್ತು ಯೋಚಿಸಿದರು. ಆಮೇಲೆ ಅಪಾರ್ಟ್‌ಮೆಂಟಿನ ನೀರಿನ ಕಥೆ ಹೇಳಿದರು. ಆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಇಡೀ ಅಪಾರ್ಟ್‌ಮೆಂಟ್ ಟ್ಯಾಂಕರ್ ನಂಬಿಕೊಂಡಿತ್ತು. 12,000 ಲೀಟರ್ ಲೋಡ್ ಅಂತ ಬಿಲ್ ಬರುತ್ತಿತ್ತು. ಇವರಿಗೆ ಯಾಕೋ ಅನುಮಾನ. ಸಂಪ್ 5 ಮೀಟರ್ ಉದ್ದ, 4 ಮೀಟರ್ ಅಗಲ. ಹಾಗಾದರೆ ಒಂದು ಲೋಡಿಗೆ ನೀರು 60 ಸೆಂಟಿಮೀಟರ್ ಏರಬೇಕು. ರಾತ್ರಿ ಪಂಪ್ ನಿಲ್ಲಿಸಿ, ಕೋಲು ಇಳಿಸಿ ಅಳೆದರು. ಏರಿದ್ದು 52. ಅಂದರೆ 10,400 ಲೀಟರ್. ಮೂರು ರಾತ್ರಿ ಅಳೆದು, ಹಳೇ ಬಿಲ್‌ಗಳನ್ನೆಲ್ಲ ಹರಡಿಕೊಂಡು ಕೂತು ಲೆಕ್ಕ ಮಾಡಿ, ಸಮಿತಿಯ ಮುಂದಿಟ್ಟರು.

‘ಇದನ್ನೇ ನಾನು ಹುಡುಕುತ್ತಿದ್ದದ್ದು’ ಅಂದೆ. ಅವರಿಗೆ ಆಶ್ಚರ್ಯ. ‘ಅದೂ ಒಂದು ಕೆಲಸವಾ ಮೇಡಂ? ಸುಮ್ನೆ ಲೆಕ್ಕ ನೋಡಿದೆ ಅಷ್ಟೇ.’

ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಕೇಳಿದ ಮಾತು ಇದೇ. ಬೆವರು ಬಂದರೆ ಮಾತ್ರ ಕೆಲಸ, ನರಳಿದರೆ ಮಾತ್ರ ಶ್ರಮ ಅಂತ ನಾವು ನಂಬಿಕೊಂಡು ಬೆಳೆದಿದ್ದೇವೆ. ಹಾಗಾಗಿ ನಮಗೆ ಸಲೀಸಾಗಿ ಬರುವುದನ್ನು ನಾವೇ ಲೆಕ್ಕಕ್ಕೆ ಇಡುವುದಿಲ್ಲ. ಅದಕ್ಕೆ ಬೆಲೆ ಕೇಳುವುದಂತೂ ದೂರದ ಮಾತು.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ನೃತ್ಯಗಾರರನ್ನು ಮಾತಾಡಿಸಿ, ಊಟ, ಹೊತ್ತು ಎಲ್ಲ ಮರೆತು ಕೆಲಸದಲ್ಲಿ ಮುಳುಗುವ ಈ ಸ್ಥಿತಿಗೆ ‘ಫ್ಲೋ’ ಅಂತ ಹೆಸರಿಟ್ಟರು. ನೀರು ಎತ್ತಿಕೊಂಡು ಹೋದ ಹಾಗೆ ಇರುತ್ತದೆ ಅಂತ ಹಲವರು ಅವರಿಗೆ ಹೇಳಿದ್ದರಂತೆ. ಆ ಸ್ಥಿತಿ ಬರಬೇಕಾದರೆ, ಕೈಯಲ್ಲಿರುವ ಕೆಲಸದಲ್ಲಿ ಮುಂದೇನು ಅನ್ನುವುದು ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯೋ ತಪ್ಪೋ ಆಗಿಂದಾಗಲೇ ತಿಳಿಯಬೇಕು. ಕಷ್ಟ ನಮ್ಮ ಕೈಯ ಪಳಗಿಕೆಗೆ ಸಮ ಇರಬೇಕು. ಸಂಪಿನ ಕೋಲಿನಲ್ಲಿ ಇದೆಲ್ಲ ಇತ್ತು. ಮ್ಯಾನೇಜರ್ ಕುರ್ಚಿಯಲ್ಲಿ ಯಾವುದೂ ಇರಲಿಲ್ಲ. ಅಲ್ಲಿ ಇವತ್ತು ಆಡಿದ ಮಾತಿನ ಫಲ ಆರು ತಿಂಗಳಾದ ಮೇಲೆ ಗೊತ್ತಾಗುತ್ತದೆ.

1989ರಲ್ಲಿ ಪ್ರಕಟವಾದ ಅವರದೇ ಇನ್ನೊಂದು ಅಧ್ಯಯನ ನನ್ನನ್ನು ಇವತ್ತಿಗೂ ಕಾಡುತ್ತದೆ. 78 ನೌಕರರಿಗೆ ಒಂದು ವಾರ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಹೊತ್ತಿನ ಮನಸ್ಥಿತಿ ಬರೆದಿಡಿ ಅಂದರು. ಫ್ಲೋ ಜಾಸ್ತಿ ಸಿಕ್ಕಿದ್ದು ಬಿಡುವಿನಲ್ಲಲ್ಲ, ಕೆಲಸದಲ್ಲಿ. ಆದರೂ ಕೆಲಸದ ಹೊತ್ತಿನಲ್ಲಿ, ಬೇರೆ ಏನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು ಅಂತಲೇ ಅವರಿಗೆ ಅನ್ನಿಸುತ್ತಿತ್ತು! ಒಳಗಿನ ಅನುಭವಕ್ಕಿಂತ ‘ಕೆಲಸ ಅಂದರೆ ಹೊರೆ’ ಅನ್ನುವ ನಂಬಿಕೆ ಗಟ್ಟಿ, ಅಲ್ವಾ?

ಸಹಜ ಅಂದರೆ ಮೊದಲ ದಿನವೇ ಸುಲಭ ಅಂತ ತಿಳಿಯಬೇಡಿ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ಅಮ್ಮಂದಿರನ್ನು ನೋಡಿ. ಗಿರಾಕಿ ಜೊತೆ ಮಾತಾಡುತ್ತಲೇ ಬೆರಳು ಮಲ್ಲಿಗೆ ಕಟ್ಟುತ್ತಿರುತ್ತದೆ. ನೀವು ಒಂದು ಮೊಳ ಕಟ್ಟಿ ನೋಡಿ, ಅರ್ಧ ಮೊಗ್ಗು ನೆಲದ ಮೇಲಿರುತ್ತದೆ. ನಾನು ಹುಡುಕುವುದು ಕಲಿಯುವಾಗಿನ ತಾಳ್ಮೆ ತಾನಾಗೇ ಬರುವ ಕೆಲಸವನ್ನು. ಹತ್ತು ಸಲ ತಪ್ಪಿದರೂ ಹನ್ನೊಂದನೇ ಸಲಕ್ಕೆ ಕೈ ತಾನೇ ಮುಂದೆ ಹೋಗುತ್ತದಾ?

ಎರಡು ವಾರ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಕೆಲಸದಲ್ಲಿ ಗಡಿಯಾರ ನೋಡಲಿಲ್ಲ, ಮುಗಿದ ಮೇಲೆ ಮನಸ್ಸು ಹೇಗಿತ್ತು, ಎರಡನ್ನೂ ಬರೆಯಿರಿ. ಎರಡನೆಯದು ಮುಖ್ಯ, ಯಾಕೆಂದರೆ ಮೊಬೈಲಿನಲ್ಲೂ ಹೊತ್ತು ಹೋಗುತ್ತದೆ, ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಫೀಸಿನವರು ನಿಮ್ಮ ಹತ್ತಿರ ಯಾವುದಕ್ಕೆ ಸಹಾಯ ಕೇಳಿಕೊಂಡು ಬರುತ್ತಾರೆ ಅನ್ನುವುದನ್ನೂ ಗಮನಿಸಿ.

ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಎರಡೂ ಕೆಟ್ಟಿದೆ ಅಂದರೆ ನೋಟ್‌ಬುಕ್ ಬದಿಗಿಡಿ. ಮೊದಲು ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ನೀರು ಅಳೆದವರು ಕಂಪನಿಯಲ್ಲೇ ಬೇರೆ ವಿಭಾಗ ಕೇಳಿಕೊಂಡರು. ಸಿಸ್ಟಂ ನಿಂತುಹೋದಾಗ ಕಾರಣ ಹುಡುಕುವ ಕೆಲಸ. ‘ಮ್ಯಾನೇಜರ್ ಆಗಿದ್ದವನು ಕೆಳಗಿಳೀತೀಯಾ?’ ಅಂತ ಅವರ ತಂದೆ ಬೇಸರ ಮಾಡಿಕೊಂಡರು. ಆ ಬೇಸರ ಹೋಗಲು ತಿಂಗಳುಗಳೇ ಬೇಕಾದವು. ಮೊನ್ನೆ ಫೋನ್ ಮಾಡಿದ್ದರು. ಸೋಮವಾರದ ಮೀಟಿಂಗ್ ಈಗಲೂ ಬೇಜಾರೇ ಅಂತೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ಒಂದು ತಪ್ಪು ಹಿಡಿದದ್ದನ್ನು ಮಾತ್ರ ಇಪ್ಪತ್ತು ನಿಮಿಷ ವಿವರಿಸಿದರು.