ಇನ್‌ಕಾಂಪಿಟೆಂಟ್ ಅಂದರೆ ಬೈಗುಳವೇ?

ದೊಡ್ಡಮ್ಮನ ಕಾಲಿನಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನಿನ ರಿಪೋರ್ಟ್ ಬಂದಿತ್ತು. ವೆರಿಕೋಸ್ ವೇನ್ಸ್, ಅಂದರೆ ಉಬ್ಬಿಕೊಂಡ ರಕ್ತನಾಳಗಳು. ಅದರಲ್ಲಿ ಎರಡು ಕಡೆ 'ಇನ್‌ಕಾಂಪಿಟೆಂಟ್' ಅಂತ ಟೈಪ್ ಮಾಡಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ದೊಡ್ಡಮ್ಮ ಕನ್ನಡಕ ಏರಿಸಿ, "ಯಾರನ್ನೋ ಅಸಮರ್ಥ ಅಂದಿರೋದು, ನನ್ನನ್ನಾ?" ಎಂದು ಕೇಳಿದರು.

ಅವರನ್ನಲ್ಲ, ಅವರ ಕಾಲಿನ ಕವಾಟವನ್ನು. ಕಾಲಿನ ರಕ್ತನಾಳಗಳಲ್ಲಿ ಪುಟ್ಟ ಕವಾಟಗಳಿರುತ್ತವೆ. ಹೃದಯದ ಕಡೆ ಹೊರಟ ರಕ್ತ ವಾಪಸ್ ಇಳಿಯದಂತೆ ತಡೆಯುವುದು ಅವುಗಳ ಕೆಲಸ. ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ರಕ್ತ ಕೆಳಗೆ ಜಾರುತ್ತದೆ, ನಾಳ ಉಬ್ಬಿ ಹಗ್ಗದ ಹಾಗೆ ಎದ್ದು ಕಾಣುತ್ತದೆ. ಕವಾಟವೇನೋ ಇದೆ, ವಹಿಸಿದ ಕೆಲಸ ಅದರಿಂದ ಆಗುತ್ತಿಲ್ಲ. ಪದದ ತಿರುಳೂ ಇಷ್ಟೇ. ಲ್ಯಾಟಿನ್‌ನಲ್ಲಿ 'ಕಾಂಪೆಟೆರೆ' ಅಂದರೆ ಕೂಡಿಬರುವುದು, ಹೊಂದುವುದು. ಮೊದಲಿಗೆ 'ಇನ್' ಸೇರಿದರೆ ಹೊಂದದ್ದು.

'ಅನೇಬಲ್' ಬೇರೆ. ಕಾಲು ಉಳುಕಿದ ಡ್ರೈವರ್ ಇವತ್ತು ಗಾಡಿ ಓಡಿಸಲಾರ, ಅವನು ಅನೇಬಲ್. ಕಾಲು ಗಟ್ಟಿಯಿದ್ದೂ ದಿನಾ ಗೇಟಿಗೆ ಗುದ್ದುವವನು ಇನ್‌ಕಾಂಪಿಟೆಂಟ್. ಕುಣಿಯಲಾರದೆ ನೆಲ ಡೊಂಕು ಅಂದವಳೂ ಇದೇ ಸಾಲಿನವಳು, ಅಲ್ವಾ?

ಕನ್ನಡದಲ್ಲಿ ಏನನ್ನೋಣ? ಪೇಪರಿನವರು 'ಅಸಮರ್ಥ', 'ಅದಕ್ಷ' ಅಂತ ಬರೆಯುತ್ತಾರೆ. ನನಗೆ 'ಕೈಲಾಗದವನು' ಜಾಸ್ತಿ ಹತ್ತಿರ ಅನ್ನಿಸುತ್ತದೆ. 'ಅಯೋಗ್ಯ' ಮಾತ್ರ ಬೇಡ. ಅಕ್ಷರಕ್ಕೆ ಸರಿಯಿದ್ದರೂ ಈಗ ಅದು ಕೆಲಸ ಬಿಟ್ಟು ಮನುಷ್ಯನ ನಡತೆಗೇ ಬಡಿಯುತ್ತದೆ, ಜಗಳ ಗ್ಯಾರಂಟಿ.

ಕೋರ್ಟಿನಲ್ಲಂತೂ ಈ ಪದಕ್ಕೂ ಜಾಣತನಕ್ಕೂ ಸಂಬಂಧವೇ ಇರಬೇಕೆಂದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಕರಾರು ಮಾಡಿಕೊಳ್ಳುವವರು ವಯಸ್ಕರಾಗಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಯಾವ ಕಾನೂನೂ ಅವರನ್ನು ತಡೆದಿರಬಾರದು. ಹದಿನೇಳರ ಹುಡುಗ ಎಷ್ಟೇ ಚುರುಕಾಗಿರಲಿ, ಕರಾರಿನ ಮಟ್ಟಿಗೆ ಇನ್‌ಕಾಂಪಿಟೆಂಟ್. ಕಲ್ಕತ್ತದಲ್ಲಿ ಒಬ್ಬ ಮೈನರ್ ಆಸ್ತಿ ಅಡವಿಟ್ಟು ಸಾಲ ಪಡೆದಿದ್ದ. ಮೊಹೊರಿ ಬೀಬಿ ಕೇಸು ಅಂತ ಲಾ ವಿದ್ಯಾರ್ಥಿಗಳೆಲ್ಲ ಓದುವುದು ಇದನ್ನೇ. 1903ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಆಗ ನಮಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪೀಠ, ಆ ಕರಾರು ಹುಟ್ಟಿದಾಗಲೇ ಸತ್ತಂತೆ ಅಂದುಬಿಟ್ಟಿತು. ಸಾಲ ಕೊಟ್ಟ ಕಡೆಯವಳಾದ ಮೊಹೊರಿ ಬೀಬಿಗೆ ಹಣವೂ ವಾಪಸ್ ಸಿಗಲಿಲ್ಲ. ಸಾಲ ದಕ್ಕಿಸಿಕೊಂಡ ಆ ಹುಡುಗನನ್ನು ಕೈಲಾಗದವನು ಅನ್ನೋಕಾಗುತ್ತಾ?