ಕಷ್ಟಪ್ರಸವದ ಕರು: ಉಸಿರಿನಿಂದ ಗಿಣ್ಣಿನವರೆಗೆ

ಕರುವನ್ನು ಹೊರಗೆಳೆಯುವ ಕ್ರಮ ಪಶುವೈದ್ಯರಿಗೆ ಸೇರಿದ್ದು. ಕರು ನೆಲಕ್ಕೆ ಬಿದ್ದ ಮೇಲೆ ಸಾಕುವವರು ಮಾಡಬೇಕಾದುದನ್ನಷ್ಟೇ ಇಲ್ಲಿ ಬರೆದಿದ್ದೇನೆ. ಎಳೆದು ತೆಗೆದ ಕರು ಉಸಿರಾಡಿದ ಕೂಡಲೇ ಗಂಡಾಂತರ ಕಳೆಯಿತೆಂದು ಎಲ್ಲರೂ ಹಸುವಿನತ್ತ ತಿರುಗುತ್ತಾರೆ. ಈ ಪಾಠದಲ್ಲಿ ನನಗೆ ಬಹಳ ಹೊತ್ತು ಬಿಡಿಸಲಾಗದ ಗಂಟು ಇದ್ದದ್ದು ಅಲ್ಲಿಯೇ: ಉಸಿರಾಡುತ್ತಿರುವ ಕರುವೂ ಏಕೆ ಹಾಲು ಕುಡಿಯುವುದಿಲ್ಲ?

ಉಸಿರು

ಮೂಗು, ಬಾಯಿಗಳಲ್ಲಿರುವ ಲೋಳೆಯನ್ನು ಬೆರಳಿನಿಂದ ತೆಗೆದು, ಕರುವನ್ನು ಎದೆಯ ಮೇಲೆ ಕೂರಿಸಿ, ಹಿಂಗಾಲುಗಳನ್ನು ಹೊಟ್ಟೆಯ ಎರಡೂ ಪಕ್ಕಕ್ಕೆ ಮುಂದಕ್ಕೆ ಎಳೆದಿಡಬೇಕು. ಮಗ್ಗುಲಾಗಿ ಮಲಗಿದರೆ ಕೆಳಗಿನ ಶ್ವಾಸಕೋಶ ಅದುಮಿಹೋಗುತ್ತದೆ. ಹೀಗೆ ಕೂತರೆ ಎರಡೂ ಸಮನಾಗಿ ಹಿಗ್ಗುತ್ತವೆ. ಹಿಂಗಾಲು ಹಿಡಿದು ತಲೆಕೆಳಗಾಗಿ ನೇತುಹಾಕುವುದು ನಮ್ಮಲ್ಲಿ ರೂಢಿ. ಆದರೆ ಆಗ ಸುರಿಯುವ ನೀರಿನಲ್ಲಿ ಹೆಚ್ಚಿನದು ಹೊಟ್ಟೆಯದು, ಮೇಲಾಗಿ ಕರುಳಿನ ಭಾರವೆಲ್ಲ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯ ಮೇಲೆ ಬಿದ್ದು ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ. ಒಣಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿದರೆ ಕರು ಸೀನಿ, ತಲೆ ಕೊಡವಿ, ಆಳವಾಗಿ ಉಸಿರೆಳೆದುಕೊಳ್ಳುತ್ತದೆ. ತಲೆಯ ಮೇಲೆ ಸ್ವಲ್ಪ ತಣ್ಣೀರು ಹಾಕಬಹುದು, ಮೈಮೇಲೆ ಸುರಿಯಬಾರದು. ಗೋಣಿಚೀಲದಿಂದ ಗಟ್ಟಿಯಾಗಿ ಉಜ್ಜಿದರೆ ಮೈ ಒಣಗುವುದರ ಜೊತೆಗೆ ಉಸಿರಾಟಕ್ಕೂ ಪ್ರಚೋದನೆ ಸಿಗುತ್ತದೆ.

ಕುಡಿಯದಿರುವುದೇಕೆ?

ಹೊರಬರುವ ದಾರಿಯಲ್ಲಿ ಕರು ಹೆಚ್ಚು ಹೊತ್ತು ಸಿಲುಕಿದಾಗ ಹೊಕ್ಕುಳಬಳ್ಳಿ ಅದುಮಿಹೋಗಿ ಆಮ್ಲಜನಕ ಸಾಲದಾಗುತ್ತದೆ. ಅದರೊಡನೆ ಇಂಗಾಲದ ಡೈಆಕ್ಸೈಡ್ ಮತ್ತು ಲ್ಯಾಕ್ಟಿಕ್ ಆಮ್ಲ ಸೇರಿ ರಕ್ತದ ಆಮ್ಲೀಯತೆ ಏರುತ್ತದೆ. ಉಸಿರು ಆರಂಭವಾದರೂ ಈ ಆಮ್ಲೀಯತೆ ತಕ್ಷಣ ಇಳಿಯದು. ಅದು ಇಳಿಯುವತನಕ ಕರು ಮಂಕಾಗಿರುತ್ತದೆ, ಏಳಲು ತಡಮಾಡುತ್ತದೆ, ಚೀಪುವ ಶಕ್ತಿ ಕುಂದಿರುತ್ತದೆ. ಹೊರಬರುವಾಗ ತಲೆ ಸಿಕ್ಕಿಕೊಂಡಿದ್ದರೆ ನಾಲಿಗೆಯೂ ಊದಿಕೊಂಡಿರುತ್ತದೆ. ಆದ್ದರಿಂದ ಬಾಯಿಯೊಳಗೆ ಬೆರಳಿಟ್ಟು ಅಂಗುಳನ್ನು ಮೆಲ್ಲಗೆ ತೀಡಿ ನೋಡಬೇಕು. ಚೆನ್ನಾಗಿರುವ ಕರು ನಾಲಿಗೆಯಿಂದ ಬೆರಳನ್ನು ಸುತ್ತಿ ಬಿಗಿಯಾಗಿ ಚೀಪುತ್ತದೆ. ಬಳಲಿದ ಕರುವಿನ ಬಾಯಿ ತಣ್ಣಗಿದ್ದು, ಬೆರಳು ಅದರೊಳಗೆ ಸುಮ್ಮನೆ ಇರುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಎದ್ದು, ಎರಡು ಗಂಟೆಯೊಳಗೆ ಕೆಚ್ಚಲು ಹುಡುಕಬೇಕಾದ ಕರು ಹಾಗೆ ಮಾಡದಿದ್ದರೆ, ಸುಧಾರಿಸಿಕೊಳ್ಳಲೆಂದು ಕಾಯುವುದಕ್ಕೆ ಸಮಯವಿಲ್ಲ.

ಸಮಯ ಏಕಿಲ್ಲವೆಂದರೆ

ಹಸುವಿನ ಮಾಸು ರೋಗನಿರೋಧಕ ಕಣಗಳನ್ನು ಗರ್ಭದೊಳಗಿನ ಕರುವಿಗೆ ದಾಟಿಸುವುದಿಲ್ಲ. ಕರುವಿಗೆ ಅವು ಗಿಣ್ಣುಹಾಲಿನಿಂದಲೇ ಬರಬೇಕು. ಆ ದೊಡ್ಡ ಕಣಗಳನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವ ಕರುಳಿನ ಸಾಮರ್ಥ್ಯ ಹುಟ್ಟಿದ ಗಳಿಗೆಯಲ್ಲಿ ಅತಿ ಹೆಚ್ಚಿದ್ದು, ಗಂಟೆ ಗಂಟೆಗೂ ಇಳಿಯುತ್ತಾ 24 ಗಂಟೆಯ ಹೊತ್ತಿಗೆ ಬಹುತೇಕ ಮುಗಿದುಹೋಗುತ್ತದೆ. ಅಂದರೆ ಗಿಣ್ಣು ಬೇಗ ಬೇಕಾದ ಹೊತ್ತಿನಲ್ಲಿಯೇ ಈ ಕರುವಿಗೆ ಚೀಪುವ ತ್ರಾಣವಿರುವುದಿಲ್ಲ. ಕೆಚ್ಚಲಿನ ಬಳಿ ಬಿಟ್ಟು ನೋಡುವುದು ಸಾಲದು. ಕರೆದು, ಅಳೆದು ಕುಡಿಸಲೇಬೇಕು.

ಪ್ರಮಾಣ ಕರುವಿನ ತೂಕದ ಹತ್ತನೇ ಒಂದು ಭಾಗ. 30 ಕಿಲೋ ತೂಗುವ ಮಿಶ್ರತಳಿ ಕರುವಿಗೆ 3 ಲೀಟರ್: ಅರ್ಧದಷ್ಟನ್ನು ಮೊದಲ ಎರಡು ಗಂಟೆಯೊಳಗೆ, ಉಳಿದುದನ್ನು ಆರು ಗಂಟೆಯೊಳಗೆ, ಮೈಬಿಸಿಯಷ್ಟೇ ಬೆಚ್ಚಗಿರುವಂತೆ ನಿಪ್ಪಲ್ ಬಾಟಲಿಯಲ್ಲಿ ಕೊಡಬೇಕು. ಚೀಪದ ಕರುವಿನ ತಲೆಯೆತ್ತಿ ಗೊಟ್ಟದಿಂದ (ಔಷಧ ಕುಡಿಸುವ ಬಿದಿರಿನ ಕೊಳವೆಯಿಂದ) ಸುರಿದರೆ ಹಾಲು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಅಂಥ ಕರುವಿಗೆ ಪಶುವೈದ್ಯರು ನಳಿಕೆಯ ಮೂಲಕ ನೇರವಾಗಿ ಹೊಟ್ಟೆಗೆ ಹಾಲು ಹಾಕಬಲ್ಲರು. ಕರ್ನಾಟಕದಲ್ಲಿ ಸಂಚಾರಿ ಪಶುಚಿಕಿತ್ಸೆಗೆ 1962ಕ್ಕೆ ಕರೆ ಮಾಡಬಹುದು.

ಇಲ್ಲಿ ನನ್ನನ್ನು ನಿಜಕ್ಕೂ ಕಾಡುವುದು, ಕಸ (ಅಂದರೆ ಮಾಸು) ಬೀಳುವವರೆಗೆ ಹಾಲು ಕರೆಯಬಾರದೆಂಬ ನಂಬಿಕೆ. ಕಸ ಬೀಳಲು ಸಹಜವಾಗಿಯೇ 12 ಗಂಟೆಯವರೆಗೆ ಹಿಡಿಯಬಹುದು, ಕಷ್ಟಪ್ರಸವದ ನಂತರ ಅದು ಉಳಿದುಬಿಡುವುದೂ ಹೆಚ್ಚು. ಅಲ್ಲಿಯವರೆಗೆ ಕಾದರೆ ಕರುಳಿನ ಸಾಮರ್ಥ್ಯದ ಬಹುಪಾಲು ಕಳೆದುಹೋಗಿರುತ್ತದೆ. ಹಾಲು ಕರೆಯುವಾಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಸಂಕುಚಿಸುತ್ತದೆಯಾದ್ದರಿಂದ, ಕರೆಯುವುದರಿಂದ ಹಸುವಿಗೂ ಕೆಡುಕಿಲ್ಲ.

ಉಳಿದವು

ಹೊಕ್ಕುಳಬಳ್ಳಿ ತಾನಾಗಿ ಹರಿಯದಿದ್ದರೆ ಹೊಟ್ಟೆಯಿಂದ ಎರಡು ಬೆರಳಿನಷ್ಟು ದೂರದಲ್ಲಿ ಶುದ್ಧ ದಾರದಿಂದ ಕಟ್ಟಿ, ಅದರ ಕೆಳಗೆ ಕತ್ತರಿಸಿ, ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಹಗ್ಗ ಬಿಗಿದಿದ್ದ ಕಾಲುಗಳನ್ನೂ ಪಕ್ಕೆಲುಬುಗಳನ್ನೂ ಸವರಿ, ಮುರಿತ ಅಥವಾ ಊತ ಇದೆಯೇ ಎಂದು ನೋಡಬೇಕು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಒಣಹುಲ್ಲಿನ ದಪ್ಪ ಹಾಸಿಗೆ ಹಾಕಿ, ಗೋಣಿ ಹೊದಿಸಿ ಬೆಚ್ಚಗಿಡಬೇಕು. ಮುಂದಿನ ಕೆಲವು ದಿನ ಹೊಕ್ಕುಳು ಬಿಸಿಯಾಗಿ ಊದಿಕೊಂಡರೆ, ಕರು ಭೇದಿ ಮಾಡಿದರೆ ಅಥವಾ ಏದುಸಿರು ಬಿಟ್ಟರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಗಿಣ್ಣು ತಡವಾಗಿ ಸಿಕ್ಕಿದ ಕರುವಾದರೆ ಅದನ್ನೂ ಅವರಿಗೆ ತಿಳಿಸಬೇಕು.